ಬಾರ್ಡರ್ ಶುಗರ್ ಜೊತೆ ಹದಿನಾಲ್ಕು ತಿಂಗಳು

ಹೋದ ವರ್ಷ ಸಂಕ್ರಾಂತಿಯ ಮಾರನೇ ದಿನ ನಮ್ಮ ಬೀದಿಯ ಸಮುದಾಯ ಭವನದ ಮುಂದೆ ಉಚಿತ ತಪಾಸಣೆ ಅಂತ ಶಾಮಿಯಾನ ಹಾಕಿದ್ದರು. ನಾನು ಅಂಗಡಿಯಲ್ಲಿ ಕೂತು, ಎಳ್ಳು ಬೀರಿ ಉಳಿದಿದ್ದ ಬೆಲ್ಲದ ಚೂರು, ಸಕ್ಕರೆ ಅಚ್ಚುಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ನೆಟ್ಟಗಿದ್ದದ್ದು ಡಬ್ಬಿಗೆ, ಮುರಿದದ್ದು ಬಾಯಿಗೆ. ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು, “ಬಾ ಅಕ್ಕ, ಐದೇ ನಿಮಿಷ. ನಲವತ್ತು ಆಯ್ತಲ್ಲ, ಒಂದ್ಸಲ ನೋಡಿಸ್ಕೊ” ಅಂದಳು. ಅವಳ ಮಾತಿಗೆ ಇಲ್ಲ ಅನ್ನಲಾಗದೆ ಎದ್ದು ಹೋದೆ.

ಬಿಳಿ ಕೋಟಿನ ಹುಡುಗ ಸ್ಪಿರಿಟ್ ಹತ್ತಿಯಲ್ಲಿ ಬೆರಳು ಒರೆಸಿ ಚುಚ್ಚಿದ. ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುವ ಕೈ ನನ್ನದು, ಸೂಜಿ ಚುಚ್ಚಿಸಿಕೊಳ್ಳೋದು ಹೊಸದಲ್ಲ. ಮೀಟರ್‌ನಲ್ಲಿ 241 ಬಂತು. “ಶುಗರ್‌ಗೆ ಯಾವ ಮಾತ್ರೆ ತಗೋತಿದ್ದೀರಮ್ಮಾ?” ಅಂದ, ಹಿಂದಿನ ಸಾಲಿಗೆಲ್ಲ ಕೇಳುವ ಹಾಗೆ. ನಾನು ಅಂಗಡಿಗೆ ವಾಪಸ್ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು. ಮಂಡ್ಯ ಕಡೆಯವಳಿಗೆ ಸಕ್ಕರೆ ಬರದೆ ಇನ್ಯಾರಿಗೆ ಬರಬೇಕು ಅಂತ ಪಕ್ಕದ ಫ್ಯಾನ್ಸಿ ಸ್ಟೋರಿನವರು ನಗಾಡಿದರು. ನನಗೆ ನಗು ಬರಲಿಲ್ಲ.

ಆ ರಾತ್ರಿ ಕಣ್ಣು ಮುಚ್ಚಿದರೆ ಅವ್ವನ ಕಾಲು. ಅವ್ವನಿಗೆ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ದಿನ ಗದ್ದೆ ಕಡೆಯಿಂದ ಬಂದು ಜಗಲಿಯಲ್ಲಿ ಕೂತಾಗ ಪಾದದಿಂದ ರಕ್ತ ಸುರಿಯುತ್ತಿತ್ತು. ಕಬ್ಬಿನ ಕೂಳೆ ಚಪ್ಪಲಿ ದಾಟಿ ಒಳಗೆ ನುಗ್ಗಿದೆ, ಅವ್ವನಿಗೆ ಗೊತ್ತೇ ಆಗಿಲ್ಲ. ಗಾಯ ಮೂರು ತಿಂಗಳು ಮಾಯಲಿಲ್ಲ, ಕೊನೆಗೆ ಎರಡು ಬೆರಳು ತೆಗೆದರು. ಮದುವೆ ಆದಾಗಿನಿಂದ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಅವ್ವನಿಗೆ ಬಂತು, ನನಗೂ ಬರುತ್ತೆ, ಯಾವಾಗ ಅನ್ನೋದಷ್ಟೇ ಬಾಕಿ.

ಎರಡು ದಿನ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ. ₹80. ಸಂಜೆ ರಿಪೋರ್ಟಿನಲ್ಲಿ 112 ಅಂತಿತ್ತು. ಮೂರು ದಿನದಲ್ಲಿ 241 ಹೋಗಿ 112 ಹೇಗಾಯಿತು? ಲ್ಯಾಬಿನ ವಯಸ್ಸಾದ ಟೆಕ್ನಿಷಿಯನ್ ಕೇಳಿದ್ದು ಒಂದೇ ಪ್ರಶ್ನೆ: “ಅವತ್ತು ಕೈ ತೊಳೆದಿದ್ರಾ?” ಎಳ್ಳು-ಬೆಲ್ಲ ಮುಟ್ಟಿದ ಕೈಯಲ್ಲೇ ಚುಚ್ಚಿಸಿಕೊಂಡಿದ್ದೆ. ಬೆರಳಿಗೆ ಅಂಟಿದ ಬೆಲ್ಲದ ಅಂಶ ರಕ್ತದ ಹನಿಯ ಜೊತೆ ಸೇರಿದರೆ ಮೀಟರ್ ಅದನ್ನೂ ಲೆಕ್ಕ ಹಿಡಿಯುತ್ತಂತೆ, ಬರೀ ಸ್ಪಿರಿಟ್ ಒರೆಸಿದರೆ ಅದು ಪೂರ್ತಿ ಹೋಗಲ್ಲವಂತೆ. ಜೊತೆಗೆ ಆಗಷ್ಟೇ ತಿಂದದ್ದೂ ಸೇರಿತ್ತು. ಹಾಗಾಗಿ ಶಿಬಿರಕ್ಕೆ ಹೋಗುವವರು ಮೊದಲು ಸೋಪು ಹಾಕಿ ಕೈ ತೊಳೆದು ಒಣಗಿಸಿಕೊಳ್ಳಿ. ಬಾಳೆಹಣ್ಣು ಸುಲಿದ ಕೈ ಆದರೂ ಅಷ್ಟೇ. ಮತ್ತೆ, ಬೆರಳು ಚುಚ್ಚಿ ಬಂದ ಒಂದು ಸಂಖ್ಯೆ ನೋಡಿ ಯಾರೂ ಸಕ್ಕರೆ ಕಾಯಿಲೆ ಅಂತ ಮುದ್ರೆ ಒತ್ತಬಾರದು, ಲ್ಯಾಬಿನಲ್ಲಿ ರಕ್ತನಾಳದಿಂದ ತೆಗೆದು ನೋಡಬೇಕು.

ಆ ಟೆಕ್ನಿಷಿಯನ್ನೇ ರಿಪೋರ್ಟ್ ಮಡಚಿ ಕೊಡುತ್ತಾ, “ಬಾರ್ಡರ್‌ನಲ್ಲಿದೆ, ಏನಿಲ್ಲ ಬಿಡಿ, ಸ್ವೀಟ್ ಕಮ್ಮಿ ಮಾಡಿ” ಅಂದರು. ನನ್ನನ್ನು ಎರಡು ತಿಂಗಳು ಹಾಳು ಮಾಡಿದ ಮಾತು ಇದೇ. ಶಿಬಿರದ 241 ಸುಳ್ಳು ಅಂತಾದ ಮೇಲೆ ನನಗೆ ಹಬ್ಬ. ಮನೆಯಲ್ಲಿ ಯಾರು ಕೇಳಿದರೂ “ಬಾರ್ಡರ್ ಅಷ್ಟೇ” ಅನ್ನುತ್ತಿದ್ದೆ. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ, 126 ಮುಟ್ಟಿದರೆ ಸಕ್ಕರೆ ಕಾಯಿಲೆ, ನಡುವಿನದೇ ಈ ಬಾರ್ಡರ್. ಇಂಗ್ಲಿಷಿನಲ್ಲಿ ಪ್ರಿಡಯಾಬಿಟಿಸ್ ಅಂತಾರೆ. ಕಾಯಿಲೆ ಬಂದಿಲ್ಲ ಅನ್ನುವ ಅರ್ಧ ಮಾತ್ರ ನನ್ನ ಕಿವಿಗೆ ಬಿತ್ತು.

ಆಮೇಲೆ ಬಂದದ್ದು ಸಲಹೆಗಳ ಸುಗ್ಗಿ. ಅತ್ತೆ ಬೆಳಿಗ್ಗೆ ನೆನೆಸಿದ ಮೆಂತ್ಯ ಕೊಟ್ಟರು. ಎದುರು ಮನೆಯವರು ಇನ್ಸುಲಿನ್ ಗಿಡ ಅಂತ ಕುಂಡದಿಂದ ಎಲೆ ಕಿತ್ತು ಕೊಟ್ಟರು, ಹುಳಿ ಹುಳಿ ರುಚಿ. ನಮ್ಮನೆಯವರ ಸ್ನೇಹಿತರೊಬ್ಬರು ಮಧುನಾಶಿನಿ ತಂದರು. ಅದನ್ನು ಅಗಿದ ಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿ ನೋಡಿ, ಮಣ್ಣು ತಿಂದ ಹಾಗಿರುತ್ತೆ. ನನ್ನ ಮಗಳಿಗೆ ಅದೊಂದು ಜಾದೂ, ಗೆಳತಿಯರನ್ನೆಲ್ಲ ಕರೆದು ತಿನ್ನಿಸಿದಳು. “ನೋಡು, ಬಾಯಲ್ಲೇ ಸಿಹಿ ಸಾಯಿಸ್ತದೆ, ರಕ್ತದಲ್ಲಿ ಬುಟ್ಟದಾ?” ಅಂತ ಅತ್ತೆ. ನನಗೂ ಹೌದಲ್ಲ ಅನ್ನಿಸಿತು. ನಾಲಿಗೆಗೆ ಸಿಹಿ ಗೊತ್ತಾಗದಿದ್ದರೂ ಹೊಟ್ಟೆಗೆ ಹೋದ ಬೆಲ್ಲ ಬೆಲ್ಲವೇ ಅಂತ ಆಗ ಹೊಳೆಯಲಿಲ್ಲ. ಇನ್ನು ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿದ ಕಷಾಯದ ಪುಡಿ, ಎರಡು ತಿಂಗಳಿಗೆ ₹2,400. ಅದರಲ್ಲಿ ಏನೇನಿದೆ ಅಂತ ಡಬ್ಬಿಯ ಮೇಲೆ ಸರಿಯಾಗಿ ಬರೆದೇ ಇರಲಿಲ್ಲ.

ಸಕ್ಕರೆ ಬಿಟ್ಟು ಕಾಫಿಗೆ ಬೆಲ್ಲ ಹಾಕಿದೆ. ನಮ್ಮೂರಲ್ಲಿ ಆಲೆಮನೆ ಇದೆ. ಕೊಪ್ಪರಿಗೆಯಿಂದ ಬಿಸಿ ಬೆಲ್ಲ ಎತ್ತಿ ಕಬ್ಬಿನ ಜಲ್ಲೆಗೆ ಸುತ್ತಿ ಕೊಟ್ಟರೆ ತಿಂದು ಬೆಳೆದವಳು ನಾನು. ಬೆಲ್ಲ ಅಂದರೆ ಔಷಧಿ, ಸಕ್ಕರೆ ಅಂದರೆ ವಿಷ ಅನ್ನೋದು ನಮ್ಮಲ್ಲಿ ಎಲ್ಲರ ನಂಬಿಕೆ. ರಾತ್ರಿ ಅನ್ನದ ಬದಲು ಮೂರು ಚಪಾತಿ, ಮಧ್ಯಾಹ್ನ ಮುದ್ದೆ. ಮುದ್ದೆ ಎಷ್ಟು ದೊಡ್ಡದಾದರೂ ಪರವಾಗಿಲ್ಲ, ರಾಗಿ ತಾನೇ. ವ್ಯಾಯಾಮದ ಮಾತು ಬಂದರೆ, ಬೆಳಿಗ್ಗೆ ಐದಕ್ಕೆದ್ದು ಮನೆಗೆಲಸ ಎಲ್ಲ ಮಾಡ್ತೀನಲ್ಲ ಅಂತಿದ್ದೆ. ಅವ್ವ ಫೋನಿನಲ್ಲಿ ಮಾತ್ರ ಬೇರೆ ಹೇಳುತ್ತಿದ್ದಳು: “ನಮ್ ವಂಸುಕ್ಕೇ ಅಂಟ್ಕಂಡದೆ ಮಗ, ಏನ್ ಮಾಡುದ್ರೂ ಬತ್ತದೆ. ಉಣ್ಣು ಸುಮ್ಕೆ.”

ಮಾರ್ಚ್‌ನಲ್ಲಿ ಆಶಾ ಅಕ್ಕ ಮತ್ತೆ ಬಂದಳು, ಈ ಸಲ ಫಾರಂ ಹಿಡಿದು. ಮೂವತ್ತು ದಾಟಿದವರೆಲ್ಲರ ವಿವರ ಬರೆದುಕೊಳ್ಳಬೇಕಂತೆ. ಸೊಂಟದ ಅಳತೆ ಬೇಕು, ಅವಳ ಟೇಪ್ ಕಳೆದುಹೋಗಿದೆ. ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪನ್ನೇ ಕೊಟ್ಟೆ. ದಿನಕ್ಕೆ ಹತ್ತು ಜನರ ಸೊಂಟ ಅಳೆಯುವವಳು ನಾನು, ನನ್ನದನ್ನು ಅಳೆದು ಎಷ್ಟು ವರ್ಷ ಆಗಿತ್ತೋ. ಲಂಗದ ಲಾಡಿ ಕಟ್ಟುವ ಕಡೆ ಅಳೆಯಲು ಹೋದೆ, ಅದಲ್ಲ ಅಂದಳು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ. ಮೂವತ್ತನಾಲ್ಕೂವರೆ ಇಂಚು. ಹೆಂಗಸರಿಗೆ 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಇಂಚಿನ ಒಳಗಿರಬೇಕಂತೆ. ನೋಡುವವರ ಕಣ್ಣಿಗೆ ನಾನು ದಪ್ಪ ಅಲ್ಲ, ಕೈಕಾಲು ಸಣ್ಣ. ಎಲ್ಲ ಹೊಟ್ಟೆಯಲ್ಲೇ ಸೇರಿತ್ತು. “ಆಸ್ಪತ್ರೆಗೆ ಹೋಗಿ ಡಾಕ್ಟರ್‌ನ ಕಾಣು, ನಾನೇ ಚೀಟಿ ಬರ್ಕೊಡ್ತೀನಿ” ಅಂದಳು.

ಸರ್ಕಾರಿ ಆಸ್ಪತ್ರೆಗೆ ಮೊದಲ ಸಲ ಹೋದದ್ದು ಪೂರ್ತಿ ದಂಡ. ಎಂಟೂವರೆಗೆ ಹೋಗಿ ಸಾಲಿನಲ್ಲಿ ನಿಂತೆ. ಕೌಂಟರಿನಲ್ಲಿ ಆಭಾ ನಂಬರ್, ಅಂದರೆ ಸರ್ಕಾರದ ಆರೋಗ್ಯ ಖಾತೆಯ ನಂಬರ್, ಕೇಳಿದರು. ಇಲ್ಲ ಅಂದರೆ ಆಧಾರ್ ಕೊಡಿ ಮಾಡ್ತೀವಿ ಅಂದರು. ನನ್ನ ಆಧಾರ್‌ಗೆ ಜೋಡಿಸಿದ್ದು ನಮ್ಮನೆಯವರ ನಂಬರ್. ಓಟಿಪಿ ಅವರ ಫೋನಿಗೆ ಹೋಯಿತು, ಅವರು ಡೇರಿಯಲ್ಲಿ ಹಾಲು ಅಳೆಯುತ್ತಾ ಫೋನೇ ಎತ್ತಲಿಲ್ಲ. ಮತ್ತೆ ಮತ್ತೆ ಕಳಿಸಿ, ಕೊನೆಗೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅಂದರು. ಅಷ್ಟರಲ್ಲಿ ಎನ್‌ಸಿಡಿ ಕ್ಲಿನಿಕ್ಕಿನ ಚೀಟಿ ಮುಗಿದಿತ್ತು. ಎನ್‌ಸಿಡಿ ಅಂದರೆ ಬಿ.ಪಿ., ಶುಗರ್ ನೋಡುವ ಕೋಣೆ, ಬೋರ್ಡಿನಲ್ಲಿ ಹಾಗೇ ಇರುತ್ತೆ. ಆಭಾ ಕಡ್ಡಾಯ ಅಲ್ಲ, ಇಲ್ಲದಿದ್ದರೂ ನೋಡಲೇಬೇಕು ಅಂತ ಆಮೇಲೆ ಗೊತ್ತಾಯಿತು. ಆದರೂ ಹೋಗುವ ಮುಂಚೆ ಆಧಾರ್‌ಗೆ ಜೋಡಿಸಿದ ಫೋನ್ ಜೊತೆಗಿಟ್ಟುಕೊಳ್ಳಿ, ವಾದ ಮಾಡುತ್ತಾ ನಿಂತರೆ ಸಾಲು ಮುಂದೆ ಹೋಗುತ್ತೆ.

ಮುಂದಿನ ವಾರ ಡಾಕ್ಟರ್ ಸಿಕ್ಕರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಒಂದು ಹಾಳೆಯ ಹಿಂದೆ ಅಂಕ ಹಾಕುತ್ತಾ ಹೋದರು. ಚೆನ್ನೈನ ಡಾ. ವಿ. ಮೋಹನ್ ಅವರ ತಂಡ ಸಕ್ಕರೆ ಕಾಯಿಲೆಯ ಅಪಾಯ ಅಳೆಯೋಕೆ 2005ರಲ್ಲಿ ನಮ್ಮ ದೇಶದವರಿಗಾಗಿ ಮಾಡಿದ ಲೆಕ್ಕವಂತೆ. ವಯಸ್ಸು 35ರಿಂದ 49ರೊಳಗೆ, 20 ಅಂಕ. ಸೊಂಟ 80ರಿಂದ 89 ಸೆಂ.ಮೀ., 10. ಅಪ್ಪ-ಅಮ್ಮನಲ್ಲಿ ಒಬ್ಬರಿಗೆ ಇದೆ, 10. ಮೈ ದಂಡಿಸುವ ಕೆಲಸವೂ ಇಲ್ಲ, ವ್ಯಾಯಾಮವೂ ಇಲ್ಲ, 30. ಮನೆಗೆಲಸ ಅಂತ ನಾನು ಬಾಯಿ ತೆಗೆದೆ. “ಎಷ್ಟು ಹೊತ್ತು ಕೂತಿರ್ತೀರಾ?” ಅಂದರು. ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ. ಮೊದಲಾದರೆ ಮಿಷನ್ ತುಳಿಯುತ್ತಿದ್ದೆ. ಆರು ವರ್ಷದ ಹಿಂದೆ ಮೋಟಾರ್ ಹಾಕಿಸಿದ ಮೇಲೆ ಅದೂ ಇಲ್ಲ, ಬಲಗಾಲಿನ ಹೆಬ್ಬೆರಳು ಒತ್ತಿದರೆ ಆಯಿತು. ಒಟ್ಟು 70. 60 ಮುಟ್ಟಿದರೆ ಅಪಾಯ ಜಾಸ್ತಿ ಅಂತ ಲೆಕ್ಕ. ಇದರಲ್ಲಿ ರಕ್ತ ತೆಗೆಯೋದೇನಿಲ್ಲ, ಒಂದು ಟೇಪ್ ಇದ್ದರೆ ಯಾರು ಬೇಕಾದರೂ ಮನೆಯಲ್ಲೇ ಹಾಕಿಕೊಳ್ಳಬಹುದು. ಗಂಡಸರಿಗೆ ಸೊಂಟ 90 ಮುಟ್ಟಿದರೆ 10, 100 ಮುಟ್ಟಿದರೆ 20.

ಆ 70ರಲ್ಲಿ ವಂಶದ ಪಾಲು 10 ಮಾತ್ರ. ಕೂತಿದ್ದಕ್ಕೆ 30. ಅವ್ವನ ಮಾತಿಗೆ ಅಂದು ಮೊದಲ ಸಲ ನನ್ನೊಳಗೆ ಒಂದು ಉತ್ತರ ಹುಟ್ಟಿತು.

ಆಮೇಲೆ ಅವರು ಕೇಳಿದರು: “ಬಸುರಿಯಾಗಿದ್ದಾಗ ಶುಗರ್ ಇತ್ತಾ ಅಕ್ಕ?”

“ಎರಡನೇದಕ್ಕೆ ಇತ್ತು ಮೇಡಂ. ಹೆರಿಗೆ ಆದ್ಮೇಲೆ ಹೋಯ್ತು.”

ಅವರು ಪೆನ್ ಕೆಳಗಿಟ್ಟರು. “ಹೆರಿಗೆ ಆಗಿ ಆರು ವಾರಕ್ಕೆ ಮತ್ತೆ ಟೆಸ್ಟ್ ಮಾಡ್ಸಿದ್ರಾ? ಆಮೇಲೆ?” ಇಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇಲ್ಲ. ಮಾಡಿಸಬೇಕು ಅಂತ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಎಳೆ ಕೂಸು ಹಿಡಿದುಕೊಂಡು ಹೋಗುತ್ತಿದ್ದೆನೋ ಇಲ್ಲವೋ. ಗರ್ಭಿಣಿಯಾಗಿದ್ದಾಗ ಶುಗರ್ ಬಂದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ, ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಲೇ ಇರಬೇಕು ಅಂತ ಅವರು ವಿವರಿಸಿದರು. “ತಾಯಿ ಕಾರ್ಡ್ ಇದ್ರೆ ತನ್ನಿ.”

ತಾಯಿ ಕಾರ್ಡ್ ಹುಡುಕೋಕೆ ಒಂದು ಭಾನುವಾರ ಹೋಯಿತು. ಅಟ್ಟದ ಮೇಲಿನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ, ಮಗಳ ಮೊದಲ ಕುಲಾವಿ ಜೊತೆ ಸಿಕ್ಕಿತು. ಅಂಚು ಜಿರಳೆ ತಿಂದಿತ್ತು. ಒಳಗಿನ ಪುಟದಲ್ಲಿ ಕೆಂಪು ಶಾಯಿಯಲ್ಲಿ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 158, ಪಕ್ಕದಲ್ಲಿ ಜಿಡಿಎಂ (ಬಸುರಿಯಾಗಿದ್ದಾಗ ಬರುವ ಶುಗರ್) ಅಂತ ಬರೆದು ಎರಡು ಗೆರೆ ಎಳೆದಿದ್ದರು. ಕೆಳಗೆ ಮಗುವಿನ ತೂಕ 3.9 ಕೆ.ಜಿ. ಆಗ ಎಲ್ಲರೂ ಎಷ್ಟು ಖುಷಿಪಟ್ಟಿದ್ದರು, ಗುಂಡುಗುಂಡಾಗಿದೆ ಅಂತ. ದೃಷ್ಟಿ ತೆಗೆದದ್ದೇ ತೆಗೆದದ್ದು. ತಾಯಿಗೆ ಶುಗರ್ ಇದ್ದರೆ ಮಗು ಹಾಗೆ ದಪ್ಪ ಬೆಳೆಯುತ್ತೆ ಅಂತ ಈಗ ಗೊತ್ತು. ಆ ಎರಡು ಕೆಂಪು ಗೆರೆ ನೋಡುತ್ತಾ ತುಂಬಾ ಹೊತ್ತು ಟ್ರಂಕಿನ ಪಕ್ಕದಲ್ಲೇ ಕೂತಿದ್ದೆ.

ಮುಂದಿನದು ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ. ಆಸ್ಪತ್ರೆಯ ಲ್ಯಾಬಿನಲ್ಲಿ ಆ ವಾರ ಆಗಲ್ಲ ಅಂದಿದ್ದಕ್ಕೆ ಹೊರಗೆ ಮಾಡಿಸಿದೆ, ₹350. ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಅನ್ನ, ಮುದ್ದೆ ಬಿಟ್ಟು ಹಾಗಲಕಾಯಿ ತಿನ್ನು, ರಿಪೋರ್ಟ್ ಚೆನ್ನಾಗಿ ಬರುತ್ತೆ ಅಂತ ಎದುರು ಮನೆಯವರ ಉಪದೇಶ. ನಾನೂ ಹಾಗೇ ಮಾಡಿದೆ, ಎಸ್ಸೆಸ್ಸೆಲ್ಸಿಯಲ್ಲಿ ಕಾಪಿ ಹೊಡೆದ ಹಾಗೆ. ಲ್ಯಾಬಿನಲ್ಲಿ 75 ಗ್ರಾಂ ಗ್ಲೂಕೋಸನ್ನು ದೊಡ್ಡ ಲೋಟ ನೀರಿಗೆ ಕಲಸಿ ಐದು ನಿಮಿಷದೊಳಗೆ ಕುಡಿಯಿರಿ ಅಂದರು. ನಾನು ಗಟಗಟ ಒಂದೇ ಉಸಿರಿಗೆ ಕುಡಿದೆ. ನಲವತ್ತು ನಿಮಿಷಕ್ಕೆ ಎಲ್ಲ ವಾಂತಿ. ವಾಂತಿ ಆದರೆ ಪರೀಕ್ಷೆ ರದ್ದು. ಅರ್ಧ ದುಡ್ಡು, ₹175, ತಾವೇ ಮುರಿದುಕೊಂಡು, ಇನ್ನೊಂದು ದಿನ ಬನ್ನಿ ಅಂದರು. ಜೊತೆಗೆ ಅಲ್ಲಿನ ಹುಡುಗಿ ಬೈದಳು: ಮೂರು ದಿನ ಮಾಮೂಲಿ ಊಟ ಮಾಡಿಯೇ ಬರಬೇಕು, ಅನ್ನ-ಮುದ್ದೆ ಬಿಟ್ಟು ಬಂದರೆ ಫಲಿತಾಂಶವೇ ತಪ್ಪಾಗುತ್ತೆ. ಎರಡನೇ ಸಲ ಅವಳೇ ಸ್ವಲ್ಪ ನಿಂಬೆರಸ ಹಿಂಡಿಕೊಟ್ಟಳು, ಐದು ನಿಮಿಷ ಪೂರ್ತಿ ತಗೊಂಡು ಗುಟುಕು ಗುಟುಕಾಗಿ ಕುಡಿದೆ. ಎರಡು ಗಂಟೆ ಓಡಾಡದೆ, ಏನೂ ತಿನ್ನದೆ ಕೂತಿರಬೇಕು. ಕೈಯಲ್ಲಿ ಹುಕ್ಸ್ ಹಚ್ಚುವ ಎರಡು ಬ್ಲೌಸ್ ಒಯ್ದಿದ್ದೆ, ಎರಡೂ ಮುಗಿದವು.

ಫಲಿತಾಂಶ: ಖಾಲಿ ಹೊಟ್ಟೆಯಲ್ಲಿ 109, ಎರಡು ಗಂಟೆ ನಂತರ 172. ಎರಡು ಗಂಟೆಯದು 140ರ ಒಳಗಿರಬೇಕು, 200 ಮುಟ್ಟಿದರೆ ಕಾಯಿಲೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.4. ಅದು 6.5 ಆದರೆ ಸಕ್ಕರೆ ಕಾಯಿಲೆ ಅಂತಲೇ ಹೆಸರು. ಒಂದೇ ಒಂದು ಚುಕ್ಕಿ ದೂರ. ಕೈ ನಡುಗಿತು.

ಆದರೆ ಡಾಕ್ಟರ್ ನೋಡಿದ್ದು ಬೇರೆ ಸಾಲನ್ನು. ಹಿಮೋಗ್ಲೋಬಿನ್ 9.1. ಎರಡು ವರ್ಷದಿಂದ ತಿಂಗಳ ಮುಟ್ಟು ಜಾಸ್ತಿ ಹೋಗುತ್ತಿತ್ತು, ವಯಸ್ಸಿಗೆ ಅಂತ ಸುಮ್ಮನಿದ್ದೆ. ಕಬ್ಬಿಣದ ಅಂಶ ಕಮ್ಮಿ ಇದ್ದು ರಕ್ತಹೀನತೆ ಆದವರಲ್ಲಿ ಈ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದಂತೆ. ಅದಕ್ಕೇ ಅವರು ಗ್ಲೂಕೋಸ್ ಪರೀಕ್ಷೆ ಮಾಡಿಸಿದ್ದು. “ಇದನ್ನೊಂದೇ ನಂಬಿದ್ರೆ ಇರೋದಕ್ಕಿಂತ ಜಾಸ್ತಿ ಇದೆ ಅಂದ್ಬಿಡ್ತಿದ್ವಿ. ಆದ್ರೆ 172 ಸುಳ್ಳಲ್ಲ.” ನಮ್ಮ ಹೆಂಗಸರಲ್ಲಿ ರಕ್ತ ಕಮ್ಮಿ ಇರುವವರು ಬಹಳ ಜನ. ಎಚ್‌ಬಿಎ1ಸಿ ಮಾಡಿಸುವಾಗ ಹಿಮೋಗ್ಲೋಬಿನ್ನೂ ನೋಡಿ ಅಂತ ಬಾಯಿ ಬಿಟ್ಟು ಕೇಳಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಕಾಫಿ-ಟೀ ಜೊತೆ ಬೇಡ ಅಂತ ಎರಡು ಸಲ ಹೇಳಿದರು. ಸಕ್ಕರೆಗೆ ಮಾತ್ರೆ ಈಗಲೇ ಬೇಡ, ಆರು ತಿಂಗಳು ನೋಡೋಣ ಅಂದರು. ನಾನು “ಸದ್ಯ, ಒಮ್ಮೆ ಶುರು ಮಾಡಿದ್ರೆ ಬಿಡೋಹಾಗಿಲ್ಲ, ಕಿಡ್ನಿ ಬೇರೆ ಹೋಗುತ್ತೆ” ಅಂದುಬಿಟ್ಟೆ. ಅವರ ದನಿ ಗಟ್ಟಿಯಾಯಿತು. “ನಿಮ್ಮ ತಾಯಿ ಮಾತ್ರೆ ತಗೊಂಡಿದ್ದಕ್ಕೆ ಬೆರಳು ಹೋಯ್ತಾ, ಬಿಟ್ಟಿದ್ದಕ್ಕೆ ಹೋಯ್ತಾ?” ಅವ್ವ ಸಕ್ಕರೆ ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸಿ, ಒಂದೂವರೆ ವರ್ಷ ಯಾರೋ ಕೊಟ್ಟ ಸೊಪ್ಪಿನ ರಸ ಕುಡಿದಿದ್ದಳು. ಕೂಳೆ ಚುಚ್ಚಿದ್ದು ಅದರ ನಂತರ. ಇದನ್ನು ನಾನೇ ಅವರಿಗೆ ಹೇಳಿದ್ದೆ, ಆದರೆ ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಅವರು ಕೊಟ್ಟ ಗುರಿ ಎರಡೇ. 66 ಕೆ.ಜಿ. ಇದ್ದೆ, ನಾಲ್ಕೂವರೆ ಕೆ.ಜಿ. ಇಳಿಸಬೇಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. ಇಷ್ಟಕ್ಕೆ ನಿಜವಾಗಿ ನಿಲ್ಲುತ್ತಾ ಅಂತ ನನಗೆ ಅನುಮಾನ. ಮಗನ ಹತ್ತಿರ ಮೊಬೈಲಿನಲ್ಲಿ ಹುಡುಕಿಸಿ ಓದಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ, ನನ್ನಂಥದೇ ಬಾರ್ಡರ್‌ನಲ್ಲಿದ್ದ 531 ಜನ. ಮಾಮೂಲಿ ಸಲಹೆಯಷ್ಟೇ ಸಿಕ್ಕವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು, ಊಟ-ನಡಿಗೆ ಬದಲಿಸಿಕೊಂಡವರಲ್ಲಿ 39 ಜನಕ್ಕೆ. ಅವರ ತೂಕ ಅಷ್ಟಾಗಿ ಇಳಿಯದಿದ್ದರೂ ಈ ಲಾಭ ಆಗಿತ್ತಂತೆ. ಆ 39 ನೋಡಿ ಬೇಜಾರಾಯಿತು, ಸುಳ್ಳು ಹೇಳಲ್ಲ. ಎಲ್ಲ ಮಾಡಿದರೂ ಅಷ್ಟು ಜನಕ್ಕೆ ಬಂದಿದೆ. ಆದರೆ ಎರಡರ ನಡುವಿನ 16 ಜನ ಇದ್ದಾರಲ್ಲ, ಅವರೊಳಗೆ ನಾನೊಬ್ಬಳು ಯಾಕಾಗಬಾರದು ಅನ್ನಿಸಿತು.

₹900 ಕೊಟ್ಟು ಮೀಟರ್ ತಂದೆ, ಜೊತೆಗೆ 25 ಸ್ಟ್ರಿಪ್. ನನ್ನ ಎಡಗೈ ತೋರುಬೆರಳು ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದೆ, ಎಷ್ಟು ಒತ್ತಿದರೂ ರಕ್ತ ಬರಲಿಲ್ಲ, ನಾಲ್ಕು ಸ್ಟ್ರಿಪ್ ಹಾಳಾದವು. ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚಿ, ನೋವೂ ಕಮ್ಮಿ. ಬಾರ್ಡರ್‌ನವರಿಗೆ ದಿನಾ ಚುಚ್ಚಿಕೊಳ್ಳೋದು ಬೇಕಿಲ್ಲ ಅಂತ ಡಾಕ್ಟರೂ ಹೇಳಿದ್ದರು. ನನಗೆ ಬೇಕಾಗಿದ್ದದ್ದು ಒಂದೇ, ಮುದ್ದೆಯ ವಿಷಯ ಇತ್ಯರ್ಥ ಮಾಡೋದು.

ಒಂದು ದಿನ ಎಂದಿನ ಹಾಗೆ ತೆಂಗಿನಕಾಯಿ ಗಾತ್ರದ ಮುದ್ದೆ, ತಿಳಿ ಸಾರು. ಎರಡು ಗಂಟೆಗೆ 168. ಇನ್ನೊಂದು ದಿನ ಕಿತ್ತಳೆ ಗಾತ್ರದ ಮುದ್ದೆ, ಬಸ್ಸಾರಿನ ಜೊತೆ ತಟ್ಟೆಯ ಅರ್ಧ ತುಂಬ ಸೊಪ್ಪು-ಕಾಳಿನ ಪಲ್ಯ. 134. ಅತ್ತೆಗೆ ಮೀಟರ್ ತೋರಿಸಿದೆ. “ರಾಗಿಲೂ ಸಕ್ರೆ ಅದದಾ? ನಮ್ ಕಾಲ್ದೋರು ಎರಡೆರಡು ಮುದ್ದೆ ಉಣ್ತಿರ್ನಿಲ್ವಾ?” ಅಂದರು. ಉಣ್ಣುತ್ತಿದ್ದರು. ಉಂಡು ನಾಟಿ ಹಾಕುತ್ತಿದ್ದರು, ನೀರು ಹೊರುತ್ತಿದ್ದರು. ನಾನು ಉಂಡು ಮೋಟಾರ್ ಒತ್ತುತ್ತಿದ್ದೆ. ಬೆಲ್ಲದ ಕಾಫಿಯನ್ನೂ ಹೀಗೇ ನೋಡಿದೆ, ಸಕ್ಕರೆಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೆ ಐದು ಕಾಫಿ, ಒಂದಕ್ಕೆ ಎರಡು ಚಮಚ, ಹತ್ತು ಚಮಚ ಸಿಹಿ ಬರೀ ಕುಡಿಯೋದರಲ್ಲೇ ಹೋಗುತ್ತಿತ್ತು. ಎರಡು ಕಾಫಿಗೆ ಇಳಿಸಿದೆ, ಎರಡೂ ಸಪ್ಪೆ. ಮೊದಲ ಹತ್ತು ದಿನ ತಲೆನೋವು, ಸಿಡುಕು, ಮನೆಯವರಿಗೆಲ್ಲ ಬೈಗುಳ.

ನಡೆಯೋದು ಊಟಕ್ಕಿಂತ ಕಷ್ಟ. ನಾಲೆ ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆ ಹೊರಟರೆ ನಾಯಿ ಕಾಟ, ಆರೂವರೆಗೆ ಹೊರಟರೆ ಜನರ ಕಾಟ. “ಏನವ್ವ, ಯಾವೂರ್ಗೆ ಹೊಂಟೆ?” ಸೀರೆಯಲ್ಲಿ ಬಿರುಸು ಬರಲ್ಲ, ಚೂಡಿದಾರಕ್ಕೆ ಬೂಟು ಹಾಕಿದರೆ ಅತ್ತೆಗೆ ಮುಜುಗರ. ಕೊನೆಗೆ ಫ್ಯಾನ್ಸಿ ಸ್ಟೋರಿನವರನ್ನೇ ಜೊತೆ ಮಾಡಿಕೊಂಡೆ, ನಗಾಡಿದ ತಪ್ಪಿಗೆ. ಮಿಷನ್ನಿನ ಮೋಟಾರಿನ ಬೆಲ್ಟನ್ನೂ ಬಿಚ್ಚಿಸಿದೆ, ಫಾಲ್ಸ್, ಲಂಗದಂಥ ಸಣ್ಣ ಕೆಲಸವೆಲ್ಲ ಈಗ ತುಳಿದೇ. ಡಾಕ್ಟರಿಗೆ ಹೇಳಿದಾಗ ನಕ್ಕು, “ಒಳ್ಳೇದು, ಆದ್ರೆ ಅದನ್ನ ವಾಕಿಂಗ್ ಲೆಕ್ಕಕ್ಕೆ ಸೇರಿಸಬೇಡಿ” ಅಂದರು.

ಬೀಗರೂಟಗಳದ್ದು ಬೇರೆಯೇ ಸಂಕಟ. ಅಲ್ಲಿ ಬೇಡ ಅಂದರೆ ಮುನಿಸು. ಶುಗರ್ ಅಂದರೆ ಕನಿಕರ, ಬಾರ್ಡರ್ ಅಂದರೆ “ಹಂಗಾರೆ ಒಂದ್ ಹೋಳಿಗೆಗೆ ಏನಾಗಲ್ಲ”. ನಾನು ಕಂಡುಕೊಂಡ ದಾರಿ, ಮೊದಲೇ ಎದ್ದು ಬಡಿಸೋಕೆ ನಿಲ್ಲೋದು. ಬಡಿಸುವವಳ ಎಲೆ ಯಾರೂ ನೋಡಲ್ಲ. ಮದುವೆ ಸೀಸನ್ನಿನಲ್ಲಿ ಮಾತ್ರ ಸೋತೆ. ಏಪ್ರಿಲ್ ಕೊನೆಯಿಂದ ಐದು ವಾರ, ಬ್ಲೌಸ್ ಆರ್ಡರಿನ ರಾಶಿಯಲ್ಲಿ ನಡಿಗೆ ಪೂರ್ತಿ ನಿಂತು, ಇಳಿದಿದ್ದ ಎರಡು ಕೆ.ಜಿ. ವಾಪಸ್ ಬಂತು. ಬಿಟ್ಟುಬಿಡೋಣ ಅನ್ನಿಸಿದ ದಿನಗಳು ಅವು.

ಜುಲೈನಲ್ಲಿ ಮತ್ತೆ ಪರೀಕ್ಷೆ. ಎಚ್‌ಬಿಎ1ಸಿ 6.0, ಹಿಮೋಗ್ಲೋಬಿನ್ 11.2. ನಾನು ಬೀಗುತ್ತಾ ಹೋದರೆ ಡಾಕ್ಟರ್, “ಇದರಲ್ಲಿ ಒಂದು ಪಾಲು ಕಬ್ಬಿಣದ ಮಾತ್ರೆದು, ಎಲ್ಲ ನಿಮ್ಮ ಮುದ್ದೆದು ಅಂದ್ಕೋಬೇಡಿ” ಅಂದರು. ಆ ಮಾತು ಚುಚ್ಚಿತು, ಆದರೆ ಅದರ ಮೇಲೇ ಛಲ ಹುಟ್ಟಿ ಮಾರನೇ ದಿನದಿಂದ ಮತ್ತೆ ನಾಲೆ ಏರಿ ಹತ್ತಿದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಮೊದಲ ಪರೀಕ್ಷೆ ₹80, ಗ್ಲೂಕೋಸ್ ಪರೀಕ್ಷೆಗಳು ವಾಂತಿ ಆದದ್ದೂ ಸೇರಿ ₹875, ಎಚ್‌ಬಿಎ1ಸಿ ಮೂರು ಸಲ ₹1,500, ಮೀಟರ್ ₹900, ಇನ್ನೊಂದು 50 ಸ್ಟ್ರಿಪ್ ₹1,000, ಬೂಟು ₹1,100. ಒಟ್ಟು ₹5,455, ಜೊತೆಗೆ ಐದಾರು ಅರ್ಧ ದಿನದ ಅಂಗಡಿ ಬಂದ್. ಡಾಕ್ಟರ್, ಹಿಮೋಗ್ಲೋಬಿನ್, ಕಬ್ಬಿಣದ ಮಾತ್ರೆ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಸ್ಟ್ರಿಪ್ ಅಷ್ಟು ಬೇಕಿರಲಿಲ್ಲ, ಆಸೆಗೆ ತಗೊಂಡೆ. ಕಷಾಯದ ₹2,400 ಇದರಲ್ಲಿ ಸೇರಿಸಿಲ್ಲ, ಅದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಮೆಂತ್ಯ ಮಾತ್ರ ಈಗಲೂ ತಿನ್ನುತ್ತೇನೆ, ಅತ್ತೆ ಸಮಾಧಾನಕ್ಕೆ.

ಈ ಮಾರ್ಚ್‌ನಲ್ಲಿ ಮೂರನೇ ಸಲ ಗ್ಲೂಕೋಸ್ ಕುಡಿದೆ. ಖಾಲಿ ಹೊಟ್ಟೆಯಲ್ಲಿ 98, ಎರಡು ಗಂಟೆಗೆ 138. ಎಚ್‌ಬಿಎ1ಸಿ 5.8, ಅದು 5.7ಕ್ಕಿಂತ ಕೆಳಗೆ ಇಳಿಯಬೇಕಿತ್ತು, ಇಳಿದಿಲ್ಲ. ತೂಕ 61.5 ಕೆ.ಜಿ., ಸೊಂಟ ಮೂವತ್ತೆರಡೂವರೆ ಇಂಚು, ಇನ್ನೂ ಒಂದು ಇಂಚು ಬಾಕಿ. ಡಾಕ್ಟರ್ ಚೀಟಿಯ ಮೇಲೆ ಮುಂದಿನ ಮಾರ್ಚ್ ತಿಂಗಳು ಬರೆದು ಕೊಟ್ಟರು, ಪ್ರತಿ ವರ್ಷ ಬರಬೇಕು ಅಂತ. ಮಗಳ ಬಗ್ಗೆಯೂ ಕೇಳಿದರು. ಹೊಟ್ಟೆಯಲ್ಲಿದ್ದಾಗಲೇ ಅಮ್ಮನಿಗೆ ಶುಗರ್ ಇದ್ದ ಮಕ್ಕಳ ತೂಕದ ಮೇಲೆ ಕಣ್ಣಿಟ್ಟಿರಬೇಕಂತೆ. ಅವಳೀಗ ಶನಿವಾರ, ಭಾನುವಾರ ನನ್ನ ಜೊತೆ ನಾಲೆ ಏರಿಗೆ ಬರುತ್ತಾಳೆ, ಅರ್ಧ ದಾರಿ ಗೊಣಗುತ್ತಾ.

ತಾಯಿ ಕಾರ್ಡಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಬಾಣಂತನ ಮುಗಿಸಿದ ಹೆಂಗಸರು ಹಳೇ ಬ್ಲೌಸ್ ಬಿಚ್ಚಿಸಿಕೊಳ್ಳೋಕೆ ನನ್ನ ಹತ್ತಿರ ಬರುತ್ತಾರೆ. ಒಳಹೊಲಿಗೆ ಬಿಚ್ಚುತ್ತಾ ಈಗ ನಾನೊಂದು ಪ್ರಶ್ನೆ ಕೇಳುತ್ತೇನೆ. ಹೋದ ವಾರ ನಾಲ್ಕು ತಿಂಗಳ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಒಬ್ಬ ಹುಡುಗಿ ಬಂದಿದ್ದಳು.

“ಬಸುರಿ ಆಗಿದ್ದಾಗ ಶುಗರ್ ಏನಾದ್ರೂ ಇತ್ತಾ ಮಗ?”

“ಇತ್ತು ಆಂಟಿ, ಸ್ವಲ್ಪ. ಹೆರಿಗೆ ಆದ್ಮೇಲೆ ಹೋಯ್ತು.”

ಕತ್ತರಿ ಕೆಳಗಿಟ್ಟು ಡ್ರಾಯರ್ ಎಳೆದೆ.